ಐಬು ಹೇಳಿದ ಮನಿ

ದೇವದುರ್ಗ
ತಾ. 20-4-1983, ಬುಧವಾರ

ಸಿಟ್ಟಿನ ಮಗಳು ಮೂಕಮ್ಮಗ, ನಿಮ್ಮವ್ವ ಅಮರಮ್ಮ ಮಾಡುವ ಆಶೀರ್ವಾದ.

ನಾವು ಇಲ್ಲಿ ಆರಾಮ ಅದೀವಿ. ನೀ ಧಾರವಾಡದಾಗ ಆರಾಮ ಇದ್ದೀ ಅಂತ ತಿಳಕೊಂಡೀನಿ. ತಿಳಕೊಳ್ಳದ ಏನು ಮಾಡಲಿ, ನಿನ್ನ ಕಾಗದ ಕಂಡು ಮೂರು ತಿಂಗಳಾತು. ಉಗಾದಿಗೂ ಬರಲಿಲ್ಲ. ನಿಮ್ಮಪ್ಪ ರಾಯಚೂರ ಗಂಜ್ ಬಜಾರದ ಹಮಾಲಿ ಬಿಟ್ಟು ಹಬ್ಬಕ್ಕ ಬಂದಾಂವ, ಬಾಗಿಲಾಗ ನಿಂತು ಮೊದಲ ನಿನ್ನ ಚಪ್ಪಲಿ ಅದಾವೇನು ಅಂತ ನೋಡಿದ. ಇಲ್ಲ ಅಂತ ತಿಳಿದ ಮ್ಯಾಲ ಹೋಳಿಗಿ ಎರಡು ಕಡಿಮಿ ತಿಂದ.

ನೀ ಹೆಸರಿಗಷ್ಟ ಮೂಕಮ್ಮ ನೋಡು. ಸಂಕ್ರಾಂತಿಗೆ ಬಂದಾಗ ಎಷ್ಟು ಮಾತಾಡಿದಿ ಯವ್ವಾ! ಸರ್ಕಾರ ಖರ್ಚು ಹಾಕಿ ಇಂಗ್ಲೆಂಡಿಗೆ ಕಳಸತದ, ಅಲ್ಲಿ ಸವಳು ಮಣ್ಣಿನ ಬಗ್ಗೆ ಓದಿ ಬರ್ತೀನಿ, ಮಾನ್ವಿ ಕಡಿ ಕಾಲುವಿ ನೀರು ನಿಂತು ಕೆಟ್ಟ ಹೊಲ ಮತ್ತ ಹಸರ ಆಗಬೇಕು ಅಂದಿ. ಎರಡು ಯೂನಿವರ್ಸಿಟಿ ಕರದಾವ, ಒಂದು ದೊಡ್ಡ ಪಟ್ಟಣದ್ದು, ಒಂದು ಸಣ್ಣೂರಿಂದು, ನನಗ ಸಣ್ಣೂರೇ ಬೇಕು, ಅಲ್ಲಿ ಯಾವ ಭಯಾನೂ ಇಲ್ಲ ಅಂದಿ. ತಾಯಿ ತಂದಿ ಒಪ್ಪಿಗಿ ಕಾಗದ ಮುಂದಿಟ್ಟಿ. ನಿಮ್ಮಪ್ಪ ಹಿಂದಮುಂದ ನೋಡದ ಹೆಬ್ಬಟ್ಟು ಒತ್ತಿದ. ನಾ ಮಾತ್ರ ನೋಡೂಣು ಅಂದು ಕಾಗದ ಟ್ರಂಕಿನ್ಯಾಗ ಹಾಕಿದೆ. ಭಯ ಇಲ್ಲದ ಊರಿಗೂ ಒಪ್ಪಂಗಿಲ್ಲ ಅಂದ್ರ ನೀ ಎಲ್ಲಿಗೂ ಕಳಸಂಗಿಲ್ಲ ಬಿಡು ಅಂತ ಅಂದು, ಕಟ್ಟಿಟ್ಟ ರೊಟ್ಟಿ ಗಂಟು ಸುದ್ದಾ ಮುಟ್ಟದ ಬಸ್ಸು ಹತ್ತಿದಿ. ಆ ರೊಟ್ಟಿ ಮೂರು ದಿನ ನಾನ ತಿಂದೆ.

ಈ ಮೂರು ತಿಂಗಳು ನಾ ಸುಮ್ಮನ ಕುಂತಿಲ್ಲ. ಏನು ಮಾಡಿದೆ ಅಂತ ಹೇಳ್ತೀನಿ, ನಗಬ್ಯಾಡ.

ನನ್ನ ಲಗ್ನದ ಮಾತು ಬಂದಾಗ ನಮ್ಮವ್ವ ಏನು ಮಾಡಿದ್ಲು ಗೊತ್ತೇನು? ಗಂಡಿನ ಕಡಿಯವರು ಹೇಳಿದ್ದೆಲ್ಲಾ ಹೂಂ ಅಂತ ಕೇಳಿಸಿಕೊಂಡು, ಮರುದಿನ ತಲಿ ಮ್ಯಾಲ ಕಸಬರಿಗಿ ಹೊರಿ ಹೊತ್ಗೊಂಡು ಮಾರಾಕಿಯಂಗ ನಿಮ್ಮಪ್ಪನ ಊರು ಕಲ್ಮಲಕ್ಕ ಹೋದ್ಲು. ನಿಮ್ಮಪ್ಪನ ಓಣ್ಯಾಗ ಮನಿ ಮನಿ ತಿರುಗಿ, ಆ ಸೂಗಪ್ಪ ಎಂಥಾಂವ ಅಂತ ಹೆಣ್ಣುಮಕ್ಕಳನ್ನ ಕೇಳಿದ್ಲು. ಎಲ್ಲಾರೂ ಬಂಗಾರದಂಥಾ ಹುಡುಗ ಅಂದ್ರು. ಕಡೀಕ ಒಬ್ಬ ಮುದುಕಿ ಕಸಬರಿಗಿ ಕೊಂಡು, ನನ್ನ ಮಗ ಕೆಟ್ಟಾಂವ ಅಲ್ಲ ತಾಯಿ, ಆದ್ರ ಉಣ್ಣಾಕ ಹೊತ್ತಾದ್ರ ಒದರ್ಯಾಡಿ ಮನಿ ಹಾರಿಸತಾನ ಅಂದ್ಲಂತ. ಅಕಿನ ನಮ್ಮತ್ತಿ. ನಮ್ಮವ್ವ ಅಲ್ಲೇ ಹೊರಿ ಇಳಿಸಿ, ನಾ ಹೆಣ್ಣಿನ ತಾಯಿ ಅಂತ ಹೇಳಿ ಲಗ್ನ ಗೊತ್ತು ಮಾಡಿ ಬಂದ್ಲು. ತನ್ನ ಐಬು ತಾನ ಹೇಳೋ ಮನಿಗೆ ಕಣ್ಣು ಮುಚ್ಚಿ ಹೆಣ್ಣು ಕೊಡಬೇಕು ಅಂತ ಅಕಿ ಮಾತು. ಸುಳ್ಳೇನಲ್ಲ ಬಿಡು. ನಿಮ್ಮಪ್ಪ ಇವತ್ತಿಗೂ ಉಣ್ಣಾಕ ಹೊತ್ತಾದ್ರ ಮನಿ ಹಾರಿಸತಾನ, ಬ್ಯಾರೆ ಒಂದು ಐಬೂ ನಾ ಕಾಣಲಿಲ್ಲ.

ಇಂಗ್ಲೆಂಡಿಗೆ ಕಸಬರಿಗಿ ಹೊತ್ಗೊಂಡು ಹೋಗಾಕ ಬರ್ತದೇನು? ಅದಕ್ಕ ನೀ ಬಿಟ್ಟು ಹೋದ ಯೂನಿವರ್ಸಿಟಿ ಪುಸ್ತಕದಾಗಿನ ವಿಳಾಸಕ್ಕ ಕಾಗದ ಬರೆಸಿದೆ. ಯಾರಿಗೆ ಅಂದ್ರ, ಎರಡೂ ಕಡಿ ಹಾಸ್ಟೆಲಿನ ಅಡುಗಿ ಮಾಡಾಕಿಗೆ! ಹನ್ನೊಂದು ವರ್ಷದಿಂದ ಹುಡುಗ್ಯಾರ ಹಾಸ್ಟೆಲಿನ್ಯಾಗ ಒಲಿ ಮುಂದ ಕುಂತೀನಿ. ಯಾವ ಹುಡುಗಿ ಉಣ್ಣದ ಮಲಗಿದ್ಲು, ಯಾರು ಬಚ್ಚಲದಾಗ ಅತ್ತು ಬಂದ್ಲು, ಇದು ದೊಡ್ಡ ಕುರ್ಚಿ ಮ್ಯಾಲಿನವರಿಗೆ ತಿಳಿಯಂಗಿಲ್ಲ, ಬಡಸೋ ಕೈಗೆ ತಿಳೀತದ.

ನೀ ಹೋದ ಮುಂದಿನ ರವಿವಾರನ ಬಸ್ಸು ಹಿಡದು ಮಾನ್ವಿಗೆ ಹೋದೆ. ನಿನಗ ಇಂಗ್ಲೀಷ್ ಕಲಿಸಿದ ಗುಲಾಮ್ ದಸ್ತಗೀರ್ ಮಾಸ್ತರು ಈಗ ರಿಟೈರ್ ಆಗಿ ಮನ್ಯಾಗ ಅದಾರ. ನಾ ಕನ್ನಡದಾಗ ಬರದದ್ದನ್ನ ಇಂಗ್ಲೀಷಿನ್ಯಾಗ ಬರದುಕೊಟ್ರು. ಅಕ್ಕಾ ಅಂತ ಶುರು ಮಾಡಿ, ನಾನೂ ನಿನ್ನಂಗ ಅಡುಗಿಯಾಕಿ ಅಂತ ಹೇಳಿ, ಮೂರ ಮಾತು ಕೇಳಿದ್ದೆ. ಹುಡುಗಿ ಕತ್ತಲಾದ ಮ್ಯಾಲ ಬಂದ್ರ ಮೊದಲ ಬಾಗಿಲು ತಗೀತಾರೋ, ಮೊದಲ ಬೈತಾರೋ? ಜ್ವರ ಬಂದ್ರ ಗಂಜಿ ಯಾರು ಒಯ್ದು ಕೊಡ್ತಾರ? ಮೂರನೇದ್ದು ಕೇಳಿದಾಗ ಮಾಸ್ತರ ಪೆನ್ನು ನಿಂತುಬಿಡ್ತು. ಇದೂ ಬರೀಬೇಕೇನು ಅಮರಮ್ಮ ಅಂದ್ರು. ಬರೀರಿ ಸಾಹೇಬ್ರ, ಅದನ್ನ ಮೊದಲ ಬರೀರಿ ಅಂದೆ. ಆ ಮಾತು ಏನಂದ್ರ, ಇಂಥವರ ಕೈಯಾಗ ಉಣ್ಣಂಗಿಲ್ಲ ಅನ್ನೋ ಮಂದಿ ಅಲ್ಲಿ ಅದಾರೇನು ಅಂತ. ನಾ ಈ ಕೆಲಸಕ್ಕ ಸೇರಿದ ಹೊಸದಾಗಿ ಮೂರು ಹುಡುಗ್ಯಾರು ನಾ ಮಾಡಿದ ಸಾರು ಮುಟ್ಟಲಿಲ್ಲ. ಒಂಬತ್ತು ದಿನ ಬರೇ ಬಾಳಿಹಣ್ಣು ತಿಂದ್ರು. ಇದನ್ನ ನಿನಗ ಎಂದೂ ಹೇಳಿದ್ದಿಲ್ಲ. ಆ ಒಂಬತ್ತು ದಿನ ನನಗೂ ಉಣ್ಣಾಕ ಆಗಲಿಲ್ಲ ಯವ್ವಾ, ನಿನಗ ಅಂಥಾ ದಿನ ಬರಬಾರದು ಅಂತ ಕೇಳಿದೆ.

ಸಣ್ಣೂರಿಂದ ಉತ್ತರ ಲಗೂನ ಬಂತು. ಅಡುಗಿಯವರು ಬರೀಲಿಲ್ಲ, ಯಾರೋ ಆಫೀಸರು ಟೈಪು ಮಾಡಿಸಿದ್ರು. ಇಲ್ಲಿ ಯಾವ ತೊಂದ್ರಿನೂ ಇಲ್ಲ, ಎಲ್ಲಾರೂ ಸುಖವಾಗಿ ಅದಾರ ಅಂತ ನಾಕ ಸಾಲು, ಜೋಡಿಗೆ ಹಸರು ಹುಲ್ಲಿನ ಫೋಟೋ. ನನಗ ನಗಿ ಬಂತು. ರಾಯಚೂರಿಂದ ಸಾಹೇಬ್ರು ತಪಾಸಣಿಗೆ ಬಂದಾಗ ನಾವೂ ಇದನ್ನ ಹೇಳ್ತೀವಲ್ಲ! ಅವರು ಸುಳ್ಳು ಹೇಳ್ಯಾರ ಅನ್ನಂಗಿಲ್ಲ. ಆದ್ರ ನಾ ಕೇಳಿದ್ದಕ್ಕ ಉತ್ತರ ಕೊಡಲಿಲ್ಲ.

ಪಟ್ಟಣದ್ದು ಹೋದ ವಾರ ಬಂತು. ಕೈಯಿಂದ ಬರದ ಎರಡು ಹಾಳಿ. ಮಾಸ್ತರು ಮೊದಲನೇ ಸಾಲು ಓದಿ ಬಿದ್ದು ಬಿದ್ದು ನಕ್ಕರು. ನೀವು ಅಕ್ಕಾ ಅಂದಿದ್ದಕ್ಕ ಸಂತೋಷ, ಆದ್ರ ನಾ ಮೀಸಿ ಇರೋ ಗಂಡಸು ಅಂತ ಬರದಿದ್ದ! ಹೆಸರು ಸಿರಿಲ್ ಅಂತ. ನಮಗೇನು ಗೊತ್ತು, ಆ ದೇಶದಾಗ ಹುಡುಗ್ಯಾರಿಗೆ ಗಂಡಸರು ಅಡುಗಿ ಮಾಡ್ತಾರಂತ. ತಾನೂ ಕರಿಯ ಮನುಷ್ಯಾ, ಹರೇದಾಗ ಹಡಗ ಹತ್ತಿ ದುಡಿಯಾಕ ಬಂದಾಂವ ಅಂತ ಹೇಳಿ ಒಂದೊಂದಕ್ಕೂ ಉತ್ತರ ಕೊಟ್ಟಾನ. ಬಾಗಿಲ ಕಾಯೋ ಮುದುಕಗ ನಿದ್ದಿ ಬಾಳ, ಮೂರು ಸಲ ಗಂಟಿ ಒತ್ತಬೇಕು, ಆದ್ರ ಬೈಯಂಗಿಲ್ಲ. ಹಾಸ್ಟೆಲಿನ ಹಿಂದಿನ ದಾರ್ಯಾಗ ದೀಪ ಇಲ್ಲ, ಹೋದ ವರ್ಷ ಒಂದು ಹುಡುಗಿಯ ಚೀಲ ಯಾರೋ ಕಸಗೊಂಡು ಓಡಿದ್ರು, ಈಗ ಹುಡುಗ್ಯಾರು ಲೈಬ್ರರಿಯಿಂದ ಗುಂಪುಕಟ್ಟಿ ಬರ್ತಾರ, ನಿಮ್ಮ ಮಗಳಿಗೂ ಹೇಳ್ರಿ ಅಂದಾನ. ಜ್ವರ ಬಂದ್ರ ಡಾಕ್ಟರ್ ಬರ್ತಾನ, ಮ್ಯಾಲಿನ ಕೋಣಿಗೆ ಹೋಗಾಕ ನನಗ ಹುಕುಂ ಇಲ್ಲ, ಅಕಿ ಗೆಳತಿ ಕೈಯಾಗ ಬಿಸಿ ಸಾರು ಕಳಸ್ತೀನಿ ಅಂದಾನ. ಮೂರನೇದ್ದಕ್ಕ ಒಂದು ಹಾಳಿ ತುಂಬ ಬರದಾನ. ಬಣ್ಣ ನೋಡಿ ತನಗ ಬಾಡಿಗಿ ಮನಿ ಕೊಡದ ಬಾಗಿಲು ಹಾಕಿದ್ದು, ಬಸ್ಸಿನ್ಯಾಗ ಮಂದಿ ತನ್ನ ಬಾಜೂಕ ಕುಂದ್ರದ ಎದ್ದು ಹೋಗಿದ್ದು. ಬೀದ್ಯಾಗ ನಿಮ್ಮ ಮಗಳಿಗೂ ಒಂದೆರಡು ಕೆಟ್ಟ ಮಾತು ಬಿದ್ದಾವು, ಸುಳ್ಳು ಹೇಳಂಗಿಲ್ಲ. ನನ್ನ ಅಡುಗಿಮನ್ಯಾಗ ಮಾತ್ರ ಎಲ್ಲಾರಿಗೂ ಒಂದ ಪಾತ್ರಿ, ಒಂದ ಸೌಟು, ಯಾರರ ಪಿಟಕ್ ಅಂದ್ರ ಆ ಸೌಟು ನನ್ನ ಕೈಯಾಗ ಇರ್ತದ ಅಂತ ಬರದಾನ. ಮಾಸ್ತರು ಕನ್ನಡಕ ತಗದು ಒರೆಸಿಕೊಂಡ್ರು. ನಾ ಸೆರಗು ಬಾಯಿಗಿಟ್ಟು ಅತ್ತೆ.

ಅದಕ್ಕ ಕೇಳು. ನನ್ನ ಮನಸು ಪಟ್ಟಣದ ಕಡಿ ಅದ. ನೀ ಬಾಯ್ಮಾತಿಗೆ ಸಣ್ಣೂರು ಅಂದಿ, ನಾ ನಂಬಲಿಲ್ಲ. ನೀ ಇಲ್ಲೇ ಬಿಟ್ಟು ಹೋದ ಆ ಎರಡೂ ಯೂನಿವರ್ಸಿಟಿ ಪುಸ್ತಕ ತಗದು ನೋಡೀನಿ. ಇಂಗ್ಲೀಷ್ ಬರದಿದ್ರೇನು, ಕಣ್ಣು ಅದಾವಲ್ಲ. ಬೇಕು ಅಂದ ಊರಿನ ಪುಸ್ತಕದ ಹಾಳಿ ಇನ್ನೂ ಒಂದಕ್ಕೊಂದು ಅಂಟಿಕೊಂಡಾವ. ಬ್ಯಾಡ ಅಂದ ಊರಿಂದು ಮೂಲಿ ಮೂಲಿ ಮಡಚಿ, ಮಣ್ಣಿನ ಪಾಠ ಹೇಳೋ ಮಾಸ್ತರ ಹೆಸರಿಗೆ ಎರಡೆರಡು ಸಲ ಗೀಟು ಎಳದಿ. ಅವ್ವ ಹೆದರ್ತಾಳ ಅಂತ ಸಣ್ಣೂರು ಹೇಳಿದಿ, ಹೌದಿಲ್ಲೋ? ಹೆದರಿಕಿ ಇತ್ತು, ಇಲ್ಲ ಅನ್ನಂಗಿಲ್ಲ. ಇಷ್ಟು ದಿನ ಹಿಡೀತು ನೋಡು ನನ್ನ ಮನಸು ಗಟ್ಟಿ ಆಗಾಕ.

ಒಪ್ಪಿಗಿ ಕಾಗದ ಇದರ ಜೋಡಿ ಇಟ್ಟೀನಿ. ಮೇ ಹತ್ತರೊಳಗ ಮುಟ್ಟಿಸಬೇಕಂದಿದ್ದಿಯಲ್ಲ, ಆಲಸ್ಯ ಮಾಡಬ್ಯಾಡ. ಆ ದೀಪ ಇಲ್ಲದ ದಾರಿಗೆ ನಿಮ್ಮಪ್ಪ ಮೂರು ಸೆಲ್ಲಿನ ಬ್ಯಾಟರಿ ಕೊಂಡು ತಂದಾನ, ದಿನಾ ಹೊತ್ತು ಮುಳುಗಿದ ಮ್ಯಾಲ ಗ್ವಾಡಿ ಮ್ಯಾಲ ಬೆಳಕು ಬಿಟ್ಟು ನೋಡ್ತಾನ. ಸೆಲ್ಲು ತೀರೋದರೊಳಗ ಬಂದು ತಗೊಂಡು ಹೋಗು. ಸಿರಿಲಣ್ಣಗ ಒಂದು ಡಬ್ಬಿ ಶೇಂಗಾ ಚಟ್ನಿ ಕುಟ್ಟಿ ಕೊಡ್ತೀನಿ.

ಇಂತಿ ನಿನ್ನ ದಾರಿ ನೋಡುವ
ಅವ್ವ, ಅಮರಮ್ಮ

ತಾ.ಕ.: ಕಾಗದದ ಮ್ಯಾಲ ನನ್ನ ಸಹಿ ಕೆಳಗ ಜನವರಿ 16 ಅಂತ ಅದ, ತಪ್ಪು ಬರದಾಳ ಅನಬ್ಯಾಡ. ನೀ ರೊಟ್ಟಿ ಬಿಟ್ಟು ಬಸ್ಸು ಹತ್ತಿದಿಯಲ್ಲ, ಅವತ್ತ ಮನಿಗೆ ಬಂದು ಟ್ರಂಕು ತಗದು ಸಹಿ ಮಾಡಿಟ್ಟೆ. ಮನಸು ಗಟ್ಟಿ ಆಗಾಕ ಇಷ್ಟು ದಿನ ಹಿಡೀತು ಅಂತ ಮ್ಯಾಲ ಬರದದ್ದು ಸುಳ್ಳು. ಕಳಸಬೇಕೋ ಬ್ಯಾಡೋ ಅಂತ ನಾ ಒಂದು ದಿನಾನೂ ವಿಚಾರ ಮಾಡಿಲ್ಲ, ಎಲ್ಲಿಗೆ ಅನ್ನೋದೊಂದ ಇತ್ತು. ಅವತ್ತ ಕೊಟ್ಟಿದ್ರ ನನ್ನ ಸಲುವಾಗಿ ಸಣ್ಣೂರಿಗೆ ಹೋಗಿಬಿಡ್ತಿದ್ದಿ. ಊರಿನ ಹೆಸರು ಬರಿಯೋ ಜಾಗ ಖಾಲಿ ಬಿಟ್ಟೀನಿ. ಅಲ್ಲಿ ನೀನ ಬರಿ.