ಮಂದಾಕಿನಿಯ ಮೇಜು

ಕ್ರಿ.ಶ. ೨೩೯೧, ಆಷಾಢ ಮಾಸದ ಇಪ್ಪತ್ತೇಳನೆಯ ದಿನ
ನೀರಡಿಪಟ್ಟಣ, ಕಡಲ ತಳ

ನಮ್ಮ ಊರಿನ ಬಾಗಿಲುಗಳ ಪ್ರೋಗ್ರಾಂ ಬರೆಯುತ್ತಿರುವ ತಾಯಿ ಮಂದಾಕಿನಿಯವರೇ, ಆಲಿಸಿರಿ! ಮುನ್ನೂರೈವತ್ತು ವರ್ಷಗಳ ಆಚೆಯಿಂದ ಬರುತ್ತಿರುವ ದನಿಯಿದು. ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ; ಕಡಲಡಿಯಲ್ಲಿ ಬೆಳೆದ ಕನ್ನಡ, ತುಸು ಉಪ್ಪಾಗಿದೆ.

ಪ್ರೋಗ್ರಾಂ ಸರಿಯಿದೆಯೇ ಎಂದು ನೋಡಲು ಬರೆಯುವುದಕ್ಕೆ, ನೀವು ಯೂನಿಟ್ ಟೆಸ್ಟ್ ಎನ್ನುವುದಕ್ಕೆ, ನಾವು ‘ಸತ್ಯಪರೀಕ್ಷೆ’ ಎನ್ನುತ್ತೇವೆ. ನೀವು ಬರೆದ ಹನ್ನೆರಡೂ ನಿಮ್ಮ ಕೋಣೆಯಲ್ಲಿ ಮಾತ್ರ ಓಡುತ್ತಿದ್ದವು. ಬೇರೆಲ್ಲಿಗೆ ಒಯ್ದರೂ ಮೊಂಡು ಹಿಡಿದು ನಿಲ್ಲುತ್ತಿದ್ದವು. ಆಗ ನಮ್ಮ ಹಿರಿಯರು ಏನು ಮಾಡಿದರು ಬಲ್ಲಿರಾ? ಪರೀಕ್ಷೆಯನ್ನು ತಿದ್ದಲಿಲ್ಲ. ನಿಮ್ಮ ಕೋಣೆಯನ್ನೇ ಮತ್ತೆ ಕಟ್ಟಿದರು! ಅದೇ ಮೇಜು, ಅದೇ ಯಂತ್ರ, ಕಿರುಗುಡುವ ಅದೇ ಫ್ಯಾನು, ಹಿಡಿ ಮುರಿದ ಅದೇ ಕಾಫಿ ಕಪ್ಪು. ಕುರ್ಚಿಯಲ್ಲಿ ನಿಮ್ಮ ಹೆಸರಿನಿಂದ ಕೂರಲು ಒಬ್ಬ ಹೆಂಗಸು. ಈಗಿನ ಮಂದಾಕಿನಿ ನಾನು, ಹತ್ತೊಂಬತ್ತನೆಯವಳು. ದಿನವೂ ನಿಮ್ಮಂತೆ ಎರಡು ಸಲ ಕೆಮ್ಮಿ ಗುಂಡಿ ಒತ್ತುತ್ತೇನೆ. ಹನ್ನೆರಡೂ ಹಸಿರು, ಎಂದರೆ ಪಾಸು. ಊರು ನೆಮ್ಮದಿಯಿಂದ ಕೆಲಸಕ್ಕೆ ಹೋಗುತ್ತದೆ.

ನಿನ್ನೆ ನನ್ನ ತಂಗಿ ಚೆನ್ನಾಜಿ ಕೊಳವೆ ರಿಪೇರಿಗೆ ಹೊರಗೆ ಹೋಗಿದ್ದಾಗ ದಕ್ಷಿಣದ ಬಾಗಿಲು ಕುಸಿದು ದಾರಿ ಮುಚ್ಚಿತು. ಉಳಿದದ್ದು ಎಂದೂ ತೆರೆಯದ ಉತ್ತರದ ಬಾಗಿಲು. ಅದರ ಹೊರಗೆ, ನೀರಿನಲ್ಲಿ, ಅವಳು ನಿಂತಿದ್ದಾಳೆ. ಬೆನ್ನಿನ ಡಬ್ಬಿಯ ಗಾಳಿ ಇಂದು ಮಧ್ಯಾಹ್ನದವರೆಗೆ. ಬಾಗಿಲಿನದೇ ಯಂತ್ರದಲ್ಲಿ ಪರೀಕ್ಷೆ ಓಡಿ ಹನ್ನೆರಡೂ ಹಸಿರಾಗದೆ ಅದು ತಾನಾಗಿ ತೆರೆಯುವುದಿಲ್ಲ. ಮಾತಿನ ತಂತಿಯಲ್ಲಿ ಅವಳ ನಗು ಕೇಳಿತು: “ಅಕ್ಕಾ, ಬಾಗಿಲು ನಿನ್ನನ್ನೇ ಹುಡುಕ್ತಾ ಇದೆ ಕಣೇ! ‘ಮಂದಾಕಿನಿಯ ಮೇಜು ಸಿಗಲಿಲ್ಲ’ ಅಂತ ಬರೀತಿದೆ. ಹೊತ್ಕೊಂಡು ಬರ್ತೀಯಾ?”

ಆಗ ನೋಡಿದೆ. ಪ್ರತಿ ಪರೀಕ್ಷೆಯಲ್ಲೂ ನಿಮ್ಮ ಮೇಜಿನ ಯಂತ್ರದ ವಿಳಾಸವನ್ನೇ ಬರೆದುಬಿಟ್ಟಿದ್ದೀರಿ. ಇಷ್ಟು ತಲೆಮಾರು ಅವು ಪರೀಕ್ಷಿಸಿದ್ದು ಬಾಗಿಲನ್ನಲ್ಲ. ಈ ಮೇಜಿನಲ್ಲಿ ನೀವು ಇಟ್ಟುಹೋದ ಬಾಗಿಲಿನ ಮಾದರಿಯನ್ನು. ನಿಮ್ಮ ಅಕ್ಷರ ಮುಟ್ಟಿದವರಿಗೆ ಇಲ್ಲಿ ಗಡೀಪಾರು. ನಾನು ಮುಟ್ಟಿದೆ. ಆ ವಿಳಾಸವನ್ನು ಅಳಿಸಿದೆ.

ಪರೀಕ್ಷೆ ಮೊದಲ ಸಲ ಕೋಣೆಯ ಹೊರಗೆ, ಬಾಗಿಲಿನ ಯಂತ್ರದಲ್ಲಿ, ಓಡಿತು. ಹನ್ನೊಂದು ಹಸಿರು, ಒಂದು ಕೆಂಪು: ಒಮ್ಮೆ ತೆರೆದ ಬಾಗಿಲು ಮತ್ತೆ ಮುಚ್ಚುವುದಿಲ್ಲ. ಒಳಗೆ ನಾಲ್ಕು ಸಾವಿರ ಜನ. ತಿದ್ದಬಲ್ಲವರು ಒಬ್ಬರೂ ಇಲ್ಲ. ನಾವು ನಿಮ್ಮ ಕೆಮ್ಮನ್ನು ಕಲಿತೆವು, ವಿದ್ಯೆಯನ್ನಲ್ಲ. ಬಲವಂತವಾಗಿ ತೆರೆಯುವ ಕೀಲಿ ನನ್ನ ಕೈಯಲ್ಲಿದೆ. ಕೆಂಪು ಅವಳಿಗೂ ಕಂಡಿತು. “ತೆಗೀಬೇಡ ಅಕ್ಕಾ,” ಎಂದಳು. “ಇಷ್ಟು ದಿನಕ್ಕೆ ಪರೀಕ್ಷೆ ಒಂದು ನಿಜ ಹೇಳ್ತು, ಪಾಪ.”

ತಾಯೀ, ನಿಮ್ಮ ಕಾಲದಲ್ಲಿ ನೀವು ಇನ್ನೂ ಆ ಕುರ್ಚಿಯಲ್ಲಿದ್ದೀರಿ. ಏಳಿ! ಪರೀಕ್ಷೆಗಳನ್ನು ಕೋಣೆಯಿಂದಾಚೆ ಒಯ್ಯಿರಿ; ನಿಮ್ಮ ಹೆಸರೇ ಅರಿಯದ ಯಂತ್ರವೊಂದರಲ್ಲಿ ಒಮ್ಮೆ, ಒಂದೇ ಒಮ್ಮೆ, ಓಡಿಸಿ. ಆ ಕೆಂಪು ನಿಮಗೆ ಕಂಡರೆ ಒಂದು ಸಾಲು ತಿದ್ದುವ ಕೆಲಸ, ಅಷ್ಟೇ.

ತಂತಿಯಲ್ಲಿ ಅವಳ ಉಸಿರು ಇನ್ನೂ ಕೇಳುತ್ತಿದೆ. ಬೇಗ.