ಅನ್ನದ ಅಗುಳಿನಿಂದ ಅಂಟಿಸಿದ ಪುಟ

ಮಕ್ಕಳ ಪುಸ್ತಕ ಆಯ್ಕೆ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ, ನೀವು ಆರಾಮವೇ? ಮನೆಯವರೆಲ್ಲ ಆರಾಮವೇ? ಹೆಸರು ಹಿಡಿದು ಕೇಳೋಣವೆಂದರೆ ನಿಮ್ಮ ಕಚೇರಿಯಿಂದ ಬಂದ ಕಾಗದದ ಕೆಳಗೆ ಮೊಹರು ಮಾತ್ರ ಇತ್ತು, ಹೆಸರಿರಲಿಲ್ಲ. ಆದ್ದರಿಂದ ನನಗೆ ಹೆಸರು ಗೊತ್ತಿರುವವರ ಕ್ಷೇಮವನ್ನೇ ನಿಮ್ಮಲ್ಲಿ ವಿಚಾರಿಸುತ್ತೇನೆ. ಸುಮಂಗಲಾ ಹೇಗಿದ್ದಾಳೆ? ಬಾಬುವಿನ ಕಿವಿ ಸೋರುವುದು ನಿಂತಿತೇ? ಭಾಮಾಳಿಗೆ ಮುಂದಿನ ಹಲ್ಲು ಬಂತೇ? ಪ್ರೇಮಕುಮಾರನಿಗೆ ಈಗಲೂ ಲಿಫ್ಟ್ ಕಂಡರೆ ಹೆದರಿಕೆಯೇ? ಈ ನಾಲ್ವರು ಮಕ್ಕಳೂ ಹನ್ನೊಂದು ತಿಂಗಳಿಂದ ಸದಾಶಿವ ಪೇಠೆಯ ನಿಮ್ಮ ಕಪಾಟಿನಲ್ಲಿದ್ದಾರೆ. ಅವರು ಬರೆದ ಪುಸ್ತಕವನ್ನು ನೀವು ಒಪ್ಪಲೂ ಇಲ್ಲ, ಮರಳಿ ಕೊಡಲೂ ಇಲ್ಲ. ನನ್ನ ದೂರು ಇಷ್ಟೇ.

ನಾನು ಯಾರೆಂದು ಹೇಳಬೇಕಲ್ಲ. ಯಾದಗಿರಿ ಕಡೆಯವನು, ನಲವತ್ತು ವರ್ಷ ಪುಣೆಯಲ್ಲಿ ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡಿದವನು. ಮೊಣಕಾಲು ಸೋತ ಮೇಲೆ ಗುತ್ತಿಗೆದಾರರು ಹಡಪಸರದ ಒಂದು ಕಟ್ಟಡದಲ್ಲಿ ಸಿಮೆಂಟು, ಟೈಲ್ಸ್ ಕಾಯಲು ಕೂರಿಸಿದರು. ತಾಯಂದಿರು ಕೆಲಸಕ್ಕೆ ಮೇಲೇರಿದ ಕೂಡಲೇ ಮಕ್ಕಳು ನನ್ನ ಸುತ್ತ ಕೂಡುತ್ತಿದ್ದವು. ಎಲ್ಲಕ್ಕೂ ಮುತ್ಯಾ, ಅಂದರೆ ಅಜ್ಜ, ಆದೆ. ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಮೂವತ್ತರ ಪ್ರಾಯದಲ್ಲಿ ಅಕ್ಷರ ಕಲಿತೆ, ಅದೂ ಒಂದು ಕಾಗದದ ದೆಸೆಯಿಂದ. ನನ್ನ ಅವ್ವ ತೀರಿಕೊಂಡ ಸುದ್ದಿಯ ಕಾಗದವನ್ನು ನಮ್ಮ ಕೂಲಿಗಳ ಶೆಡ್ಡಿನವನೊಬ್ಬ ಹತ್ತು ಮಂದಿಯ ನಡುವೆ ಒಡೆದು ಓದಿದ. ಅವನ ಮುಖ ನೋಡಿಯೇ ಎಲ್ಲರಿಗೂ ತಿಳಿದುಹೋಯಿತು. ನನಗೆ ಕೊನೆಯಲ್ಲಿ ತಿಳಿಯಿತು. ನನ್ನ ಕಾಗದವನ್ನು ಇನ್ನು ನಾನೇ ಒಡೆಯಬೇಕು ಎಂದು ಅಂದೇ ನಿಶ್ಚಯ ಮಾಡಿದೆ. ಮುಂದೆ ಶೆಡ್ಡಿನ ಎಲ್ಲರ ಕಾಗದ ಬರೆದುಕೊಟ್ಟೆ. ಹೀಗಾಗಿ ನನಗೆ ಬರುವ ಬರವಣಿಗೆ ಒಂದೇ: ಮೊದಲು ಎಲ್ಲರ ಕ್ಷೇಮ, ಆಮೇಲೆ ವಿಷಯ, ಕೊನೆಗೆ ಉತ್ತರದ ಬೇಡಿಕೆ.

ಹೋದ ವರ್ಷ ನಿಮ್ಮ ಸಮಿತಿಯಿಂದ ನಮ್ಮ ಶೆಡ್ಡುಗಳಿಗೆ ಒಂದು ಪೆಟ್ಟಿಗೆ ಬಂತು. ವಲಸೆ ಬಂದ ಮಕ್ಕಳ ಕಥೆಗಳು, ಕನ್ನಡದಲ್ಲಿ, ಬಣ್ಣಬಣ್ಣದ ಹನ್ನೆರಡು ಪುಸ್ತಕ. ನಿಮ್ಮ ಉಪಕಾರ ಮರೆತಿಲ್ಲ. ಎಲ್ಲವನ್ನೂ ಗಟ್ಟಿಯಾಗಿ ಓದಿ ಹೇಳಿದೆ. ಒಂಬತ್ತರಲ್ಲಿ ವಿಮಾನವಿತ್ತು, ಏಳರಲ್ಲಿ ಹಿಮ ಬೀಳುತ್ತಿತ್ತು. ಡಬ್ಬಿಯ ಊಟದ ವಾಸನೆಗೆ ಬೇರೆ ಮಕ್ಕಳು ಮೂಗು ಮುಚ್ಚಿಕೊಂಡ ಕಥೆ ಬಂದಾಗ ನಮ್ಮವು ಹತ್ತಿರ ಸರಿದು ಕೂತವು, ಏಕೆಂದರೆ ಅದು ಅವಕ್ಕೂ ಗೊತ್ತಿದ್ದದ್ದೇ. ಆದರೆ ಎಲ್ಲ ಪುಸ್ತಕದಲ್ಲೂ ಕೊನೆಗೆ ಆ ಮಗುವಿಗೆ ಒಬ್ಬ ಗೆಳತಿ ಸಿಗುತ್ತಾಳೆ, ಅದು ಅದೇ ಮನೆಯಲ್ಲಿ ಸುಖವಾಗಿ ಉಳಿದುಬಿಡುತ್ತದೆ. ಕಂಬಿ ಹೊರುವ ಶರಣಮ್ಮನ ಮಗಳು ಸುಮಂಗಲಾ, ಒಂಬತ್ತು ವರ್ಷದವಳು, ಹನ್ನೆರಡನೆಯದನ್ನು ಮುಚ್ಚಿ ಕೆಳಗಿಟ್ಟು ಕೇಳಿದಳು:

“ಮುತ್ಯಾ, ಇವ್ರ ಮನಿ ಯಾರೂ ಬಿಚ್ಚಂಗಿಲ್ಲೇನು?”

ಮಾನ್ಯರೇ, ಈ ಪ್ರಶ್ನೆಗೆ ನಿಮ್ಮ ಸಮಿತಿಯಲ್ಲಿ ಉತ್ತರವಿದೆಯೇ? ನಮ್ಮ ತಗಡಿನ ಶೆಡ್ಡನ್ನು ಕೆಲಸ ಮುಗಿದ ದಿನವೇ ನಟ್ಟುಬೋಲ್ಟು ಕಳಚಿ ಲಾರಿಗೆ ಹೇರುತ್ತಾರೆ. ಸುಮಂಗಲಾ ಅಷ್ಟರಲ್ಲಿ ಐದು ಶೆಡ್ಡು, ಐದು ಗೆಳತಿಯರ ಗುಂಪು ಬಿಟ್ಟು ಬಂದಿದ್ದಳು. ಟೆಂಪೋದಲ್ಲಿ ಬಂದವರು ವಲಸೆ ಅಲ್ಲವೇ? ವಲಸೆ ಅನ್ನಿಸಿಕೊಳ್ಳಲು ಸಮುದ್ರವನ್ನೇ ದಾಟಬೇಕೇ?

ಆಗ ನಾವೂ ಒಂದು ಪುಸ್ತಕ ಮಾಡಿದೆವು. ಎಂಜಿನಿಯರ್ ಸಾಹೇಬರು ಬಿಸಾಕಿದ ನಕಾಶೆಗಳ ಹಿಂಬದಿಯೇ ಹಾಳೆ, ಟೈಲ್ಸ್ ಡಬ್ಬಿಯ ರಟ್ಟೇ ಹೊದಿಕೆ, ಗೋಣಿ ಹೊಲಿಯುವ ದಾರದ ಹೊಲಿಗೆ. ಹಾಳೆಯ ಮುಂಬದಿ ಮೂರು ಬೆಡ್‌ರೂಮಿನ ಫ್ಲ್ಯಾಟು, ಹಿಂಬದಿ ಅದನ್ನು ಕಟ್ಟುವವರ ಒಂದೇ ಖೋಲಿ. ಪ್ರತಿ ಪುಟವೂ ಮಕ್ಕಳು ತಾವು ಬಿಟ್ಟುಬಂದ ಗೆಳೆಯರಿಗೆ ಬರೆದ ಕಾಗದ. ನಾನು ಕಲಿಸಿದ್ದೇ ಅದು. ಒಬ್ಬರ ಕಾಗದವನ್ನು ಇನ್ನೊಬ್ಬರು ಕೇಳದೆ ಒಡೆಯಬಾರದು ಎಂದೂ ಕಲಿಸಿದ್ದೆ.

ನಿಮ್ಮ ಸಮಿತಿ ಹೊಸ ಪುಸ್ತಕಗಳನ್ನು ಕರೆದಿದೆ, ಒಂದು ಪ್ರತಿ ಸಾಕು, ಹದಿನೈದು ದಿನದಲ್ಲಿ ನಿರ್ಧಾರ ಎಂದು ತಿಳಿಯಿತು. ಝೆರಾಕ್ಸ್ ಮಾಡಿಸಬಹುದಿತ್ತು. ನನಗೆ ಮನಸ್ಸಾಗಲಿಲ್ಲ. ನಮ್ಮಲ್ಲಿ ಲಗ್ನಪತ್ರಿಕೆಯ ಮೊದಲ ಪ್ರತಿಯ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ದೇವರ ಮುಂದಿಡುತ್ತೇವೆ, ಹಿರಿಯರಿಗೆ ಕೊಡುತ್ತೇವೆ. ಹಿರಿಯರ ಕೈಗೆ ನಕಲು ಕೊಡುವುದುಂಟೇ? ಇದ್ದ ಒಂದೇ ಪುಸ್ತಕಕ್ಕೆ ಅರಿಶಿನ ಹಚ್ಚಿ ನಿಮಗೇ ತಂದುಕೊಟ್ಟೆ. ಹಿಂದಿನ ದಿನ ಸುಮಂಗಲಾ ಕೊನೆಯ ಪುಟದಲ್ಲಿ ಏನೋ ಬರೆದು, ಮಡಚಿ, ಅನ್ನದ ಅಗುಳಿನಿಂದ ಅಂಟಿಸಿದ್ದಳು. ಮೇಲೆ ‘ಮುತ್ಯಾನಿಗೆ, ನಾವು ಹೋದ ಮೇಲೆ’ ಎಂದಿತ್ತು. ಅವಳ ಅವ್ವನ ಮುಂದಿನ ಕೆಲಸ ಯಾವ ಊರಿನಲ್ಲಿ, ಯಾರ ಕೈಕೆಳಗೆ, ಎಲ್ಲ ಅದರಲ್ಲಿದೆ ಎಂದು ಹೇಳಿದ್ದಳು. ಒಡೆಯುವ ಹೊತ್ತಿಗೆ ಪುಸ್ತಕ ಮರಳಿ ಬಂದಿರುತ್ತದೆ ಎಂದು ನಂಬಿದೆ. ಇಪ್ಪತ್ತನೆಯ ದಿನ ಅವರು ಟೆಂಪೋ ಹತ್ತಿದರು. ಶರಣಮ್ಮನ ಗಂಡನ ಮೊಬೈಲು ಆ ವಾರದಿಂದಲೇ ಬಂದ್.

ನಿಮ್ಮ ಉತ್ತರ ಬಂದದ್ದು ನಾಲ್ಕು ತಿಂಗಳಿಗೆ. ಇದು ಕಥೆಯ ರೂಪದಲ್ಲಿಲ್ಲ, ನಾಯಕ ಪಾತ್ರ ಇಲ್ಲ, ಪುಟಗಳ ಮೂಲೆಯಲ್ಲಿ ಹಳದಿ ಕಲೆಗಳಿವೆ, ಸಲ್ಲಿಸಿದ ಕೃತಿಗಳನ್ನು ಹಿಂದಿರುಗಿಸಲಾಗುವುದಿಲ್ಲ ಎಂದು ಅದರಲ್ಲಿತ್ತು. ಕಲೆ ಎಂದಿರಿ, ಇರಲಿ. ಆದರೆ ಏಳು ಮಂದಿ ಒಂದೇ ಚಾಪೆಯ ಮೇಲೆ ಮಲಗುವಲ್ಲಿ ನಾಯಕನೆಂದು ಯಾರನ್ನು ಎಬ್ಬಿಸಲಿ?

ಎರಡು ಬಸ್ಸು ಬದಲಿಸಿ ಮೂರು ಸಲ ನಿಮ್ಮ ಕಚೇರಿಗೆ ಬಂದೆ. ಎರಡನೆಯ ಸಲ ಬೆಳಗಾವಿ ಕಡೆಯ ಗುಮಾಸ್ತರು, ಮಾರ್ತಾಂಡ ಎಂಬುವರು, ಕುರ್ಚಿ ಕೊಟ್ಟರು, ನೀರು ಕೊಟ್ಟರು. ಪುಸ್ತಕ ಕಪಾಟಿನಲ್ಲೇ ಇದೆ, ನಿಮ್ಮ ಸಹಿ ಇಲ್ಲದೆ ಹೊರಗೆ ಕೊಡುವಂತಿಲ್ಲ ಎಂದರು. ನನ್ನ ಮುಖ ನೋಡಿ ದನಿ ತಗ್ಗಿಸಿ ಕೇಳಿದರು:

“ಅಜ್ಜಾರ, ಆ ಅಂಟಿಸಿದ ಪುಟ ನಾನ ಬಿಡಿಸಿ ಓದಿ ಹೇಳ್ಲೇನ್ರಿ? ಒಂದ ನಿಮಿಷದ ಕೆಲಸ.”

“ಬ್ಯಾಡ್ರಿ ಸಾಹೇಬ್ರ. ಅದು ನನ್ನ ಕಾಗದ ಅದ.”

ಬಸ್‌ಸ್ಟಾಪಿನಲ್ಲಿ ಕೂತ ಮೇಲೆ ನನ್ನ ಮಾತು ನನಗೇ ಚುಚ್ಚಿತು. ನಲವತ್ತು ವರ್ಷದ ಹಠವನ್ನು ಒಂದು ನಿಮಿಷ ಬದಿಗಿಟ್ಟಿದ್ದರೆ ಮಗುವಿನ ಠಿಕಾಣಿ ಸಿಗುತ್ತಿತ್ತು. ಓದಿಸಿಕೊಳ್ಳೋಣ ಎಂದು ಮೂರನೆಯ ಸಲ ಬಂದಾಗ ಅವರಿಗೆ ವರ್ಗವಾಗಿತ್ತು. ಹೊಸಬರು ಕನ್ನಡ ಬಾರದವರು. ಮರಾಠಿಯಲ್ಲಿ ಲೇಖಿ, ಅಂದರೆ ಬರೆದ, ಅರ್ಜಿ ಕೊಡಿ ಎಂದರು. ಕೊಟ್ಟೆ. ಅದೂ ನಿಮ್ಮ ಹತ್ತಿರವೇ ಇದೆ.

ಈಗ ಕಟ್ಟಡ ಮುಗಿದಿದೆ. ಸಂಜೆಯಾದರೆ ನಮ್ಮವರು ಕಟ್ಟಿದ ಗೋಡೆಗಳ ಒಳಗೆ ಯಾರದೋ ಮಕ್ಕಳ ದನಿ ಕೇಳುತ್ತದೆ. ಶೆಡ್ಡುಗಳ ಜಾಗದಲ್ಲಿ ಕಾರು ನಿಲ್ಲುತ್ತವೆ. ಉಳಿದದ್ದು ನನ್ನದೊಂದೇ, ಮಿಕ್ಕ ಟೈಲ್ಸ್ ಸಾಗುವವರೆಗೆ. ಮೊನ್ನೆ ನಿಮ್ಮ ಹನ್ನೆರಡು ಪುಸ್ತಕಗಳಲ್ಲಿ ಒಂದನ್ನು ಅಭ್ಯಾಸಬಲದಿಂದ ಗಟ್ಟಿಯಾಗಿ ಓದತೊಡಗಿದೆ. ಎರಡನೆಯ ಪುಟಕ್ಕೆ ನಿಲ್ಲಿಸಿದೆ. ಚಿತ್ರ ತೋರಿಸಲು ಪುಸ್ತಕವನ್ನು ಆ ಕಡೆ ತಿರುಗಿಸಿದ್ದೆ, ಅಲ್ಲಿ ಯಾರೂ ಇರಲಿಲ್ಲ.

ನಮ್ಮ ಪುಸ್ತಕವನ್ನು ಅಚ್ಚು ಹಾಕಿ ಎಂದು ಕೇಳುತ್ತಿಲ್ಲ, ಬಹುಮಾನವೂ ಬೇಡ. ಒಂದು ಸಹಿ ಮಾಡಿ, ಅದನ್ನು ಮರಳಿ ಕೊಡಿ. ಆಗದಿದ್ದರೆ ನಿಮ್ಮ ಕಪಾಟಿನ ಮುಂದೆ ನಿಂತು ಆ ಒಂದು ಪುಟ ಬಿಡಿಸಿಕೊಳ್ಳಲು ಅಪ್ಪಣೆ ಕೊಡಿ. ಅದಕ್ಕೂ ನಿಯಮವಿಲ್ಲವೆಂದಾದರೆ, ಮಾನ್ಯರೇ, ನೀವೇ ಒಡೆದು ಓದಿ, ಅದರಲ್ಲಿರುವುದನ್ನು ನನಗೆ ಬರೆದು ತಿಳಿಸಿ. ಈ ಮಾತನ್ನು ನಾನು ಯಾರಿಗೂ ಹೇಳಿದವನಲ್ಲ. ಈಗ ಕಚೇರಿಯ ಹತ್ತು ಮಂದಿ ಓದುವ ಕಾಗದದಲ್ಲಿ ನಿಮಗೆ ಹೇಳುತ್ತಿದ್ದೇನೆ. ಒಂಬತ್ತು ವರ್ಷದ ಹುಡುಗಿ ಹತ್ತು ತಿಂಗಳಿಂದ ಮುತ್ಯಾನ ಕಾಗದದ ದಾರಿ ಕಾಯುತ್ತಿದ್ದಾಳೆ. ಓದಿದ ಮೇಲೂ ಬರೆಯಲಿಲ್ಲ ಎಂದೇ ಅವಳು ತಿಳಿದಿರಬೇಕು.

ತಿಂಗಳ ಕೊನೆಗೆ ನನ್ನ ಶೆಡ್ಡನ್ನೂ ಬಿಚ್ಚುತ್ತಾರೆ. ಆಮೇಲೆ ಖಡಕಿ ಕಡೆ ಕಳಿಸುತ್ತಾರಂತೆ; ಅಲ್ಲಿಯ ವಿಳಾಸ ನನಗಿನ್ನೂ ಗೊತ್ತಿಲ್ಲ. ಈ ವಿಳಾಸ ಇರುವಾಗಲೇ, ದಯವಿಟ್ಟು, ಬೇಗ ಬರೆಯಿರಿ.

ಇಂತಿ,
ತನ್ನ ಹೆಸರಿಗೆ ಬಂದ ಕಾಗದವನ್ನು ಇನ್ನೂ ಓದದ
ಕಾಂತಪ್ಪ ಮುತ್ಯಾ
ಹಡಪಸರ, ಪುಣೆ