ಏಳನೆಯ ಚಮಚ

ಫಾಸ್ಟರ್ ಸಿಟಿ
13 ಮಾರ್ಚ್ 2025, ಗುರುವಾರ

ಪ್ರೀತಿಯ ಪ್ರದ್ಯುಮ್ನ,

ಹೇಗಿದ್ದೀಯ? ನಿನ್ನ ಮೂರು ಮೆಸೇಜಿಗೂ ಉತ್ತರ ಕೊಡದೆ ಈಗ ಕಾಗದ ಬರೆಯಲು ಕೂತಿದ್ದೇನೆ, ಬೈಯಬೇಡ. ನೀನು ಬೇರೆ ಮನೆ ಮಾಡಿಕೊಂಡು ಸ್ಯಾನ್ ರಮೋನಿಗೆ ಹೋಗಿ ವರ್ಷವಾಯಿತು, ನಿನ್ನ ಸಾರಿನಪುಡಿ ಡಬ್ಬಿ ಇನ್ನೂ ಇಲ್ಲೇ ಇದೆ. ಅಲ್ಲಿ ಅದೇನು ತಿನ್ನುತ್ತೀಯೋ!

ಪಾಲೋ ಆಲ್ಟೋದ ನಮ್ಮ ಲ್ಯಾಬಿಗೆ ಹಳೆಯ ಚಿತ್ರವೊಂದು ಶುಚಿ ಮಾಡಲು ಬಂದಿದೆ. ಬರೆದವನು ಹದಿನೆಂಟನೆಯ ಶತಮಾನದ ಸ್ವಿಸ್ ಕಲಾವಿದ ಯೋಸ್ಟ್ ಬ್ರೆಂಡ್ಲಿ. ಬ್ರೆಡ್ಡು ಸುಡುವವನ ಮಗ. ಅಂಗಡಿ ಬೋರ್ಡು ಬರೆಯುತ್ತಿದ್ದವನು ಪ್ಯಾರಿಸ್ಸಿಗೆ ಹೋಗಿ ಕಲಿತ, ಊರಿಗೆ ಮರಳಿ ರೈತರ ಅಡುಗೆಮನೆಗಳನ್ನು ಬರೆದು ಹೆಸರು ಮಾಡಿದ. ಶ್ರೀಮಂತರು ಮುಗಿಬಿದ್ದು ಕೊಂಡರಂತೆ. ಪ್ರತಿ ಚಿತ್ರದಲ್ಲೂ ಒಲೆಯ ಪಕ್ಕ ಅವನ ಮಗಳು ಆನ್ನಾ ಇರುತ್ತಿದ್ದಳು. ಏಳು ವರ್ಷಕ್ಕೇ ಜ್ವರ ಬಂದು ಹೋಗಿಬಿಟ್ಟಳು. ಆಮೇಲೆ ಇಪ್ಪತ್ತು ವರ್ಷ ಅವನು ಮಕ್ಕಳನ್ನೇ ಬರೆಯಲಿಲ್ಲ.

ಇದು ಅವನ ಸ್ವಂತ ಮನೆಯ ಚಿತ್ರ. ಮೇಜಿನ ಸುತ್ತ ಆರು ಜನ. ಅಲ್ಲಿನ ರೂಢಿಯಂತೆ ಗೋಡೆಯ ಪಟ್ಟಿಯಲ್ಲಿ ಒಬ್ಬೊಬ್ಬರ ಚಮಚ ಸಿಕ್ಕಿಸಿದೆ. ಚಮಚ ಮಾತ್ರ ಏಳು. ಸತ್ತ ಮಗಳ ಮೇಲೆ ಕಂದು ಬಣ್ಣ ಬಳಿದ ಅಪ್ಪ, ಚಮಚವನ್ನು ಮರೆತಿದ್ದ.

ಎಣ್ಣೆಬಣ್ಣ ಹಳತಾದಂತೆ ಕೆಳಗಿನದು ಕಾಣತೊಡಗುತ್ತದೆ, ನಿಜ. ಆದರೆ ಅದಕ್ಕೆ ನೂರಾರು ವರ್ಷ ಬೇಕು. ಇಲ್ಲಿ ಸೋಮವಾರ ಆನ್ನಾಳ ಕೆನ್ನೆಯಷ್ಟೇ ಕಂಡಿತ್ತು, ಬುಧವಾರ ಕಣ್ಣು. ನಾನಿನ್ನೂ ಶುಚಿ ಮಾಡುವ ಹತ್ತಿಯನ್ನು ಕೂಡ ಮುಟ್ಟಿಸಿಲ್ಲ. ಜೊತೆಯಲ್ಲಿ ಕೆಲಸ ಮಾಡುವ ಸ್ನೇಹಲ್ ಈ ಬೆಳಿಗ್ಗೆ ನೋಡಿ, "ನಿನ್ನೆ ಇವ್ಳು ಅಮ್ಮನ್ ಕಡೆ ನೋಡ್ತಿದ್ಲಲ್ವಾ? ಈಗ್ಯಾಕೆ ನಮ್ ಕಡೆ ತಿರುಗಿದಾಳೆ? ಪ್ಲೀಸ್, ಲೈಟ್ ಹಾಕೇ," ಅಂದಳು. ಲೈಟು ಉರಿಯುತ್ತಲೇ ಇತ್ತು. ಆನ್ನಾ ನೋಡುತ್ತಿದ್ದದ್ದು ನನ್ನನ್ನೇ.

ಕಲಾವಿದನೇ ಮುಚ್ಚಿದ್ದು ಮುಚ್ಚಿಯೇ ಇರಬೇಕು, ನಾಳೆಯೊಳಗೆ ಮತ್ತೆ ಕಂದು ಹಚ್ಚು ಎಂದು ಮೇಲಿನವರ ಅಪ್ಪಣೆ. ಎರಡು ಸಲ ಬ್ರಷ್ ಹಿಡಿದೆ, ಕೈ ಮೇಲೇಳಲಿಲ್ಲ. ಆಗುವುದಿಲ್ಲ ಎಂದು ಬರೆದುಕೊಡುತ್ತೇನೆ, ಕೆಲಸ ಹೋದರೆ ಹೋಗಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನಗೆ ಒಳ್ಳೆಯ ನಿದ್ದೆ ಕೊಡಲಿ.

ನಿನ್ನ
ನಿರುಪಮಾ

ಇನ್ನೊಂದು ಮಾತು. ನಮ್ಮ ಮಗಳು ತೀರಿಕೊಂಡ ತಿಂಗಳಲ್ಲೇ ಅವಳ ಫೋಟೋ, ವಿಡಿಯೋಗಳೆಲ್ಲ ಕ್ಲೌಡಿನಿಂದ ತಾವಾಗಿಯೇ ಅಳಿಸಿಹೋದವು ಎಂದಿದ್ದೆನಲ್ಲ, ಸುಳ್ಳು. ನೀನು ಪಾಪ, ಆ ಕಸ್ಟಮರ್ ಕೇರಿನವರಿಗೆ ಬೈದು ಬೈದು ಸುಸ್ತಾದೆ. ನೋಡಲಾರದೆ ನಾನೇ ಕೂತು ಅಳಿಸಿದೆ, ಒಂದನ್ನೂ ಬಿಡದೆ. ಎಷ್ಟು ವರ್ಷ ಕಾದರೂ ನಮ್ಮ ಶರಣ್ಯಾ ಮೇಲೆ ಬರುವುದಿಲ್ಲ. ಅವಳ ಹಳದಿ ಚಮಚ ಮಾತ್ರ ಡ್ರಾಯರಿನಲ್ಲಿ ಉಳಿದಿದೆ. ಬಂದು ತೆಗೆದುಕೊಂಡು ಹೋಗು, ನನ್ನ ಕೈಗೆ ಸಿಗದ ಹಾಗೆ ಇಟ್ಟುಕೋ.